ಶೇಖ್ ಸಾಹೇಬರ ಹೆಬ್ಬೆರಳು

ನನ್ನ ತಂಗಿ ವಿಜ್ದಾನ್ ಕುಣಿಯುವ ವಿಡಿಯೋವನ್ನು ನಮ್ಮ ಅಮಾರಾ ಊರಿಗೆ ಊರೇ ನೋಡಿ ಮುಗಿಸಿದ ಮೇಲೆ ನಾನು ನೋಡಿದೆ. ಯಾವಳೋ ಅರೆಬಟ್ಟೆಯವಳ ಮೈ, ಅದರ ಮೇಲೆ ನನ್ನ ತಂಗಿಯ ಮುಖ. ಹದಿನೆಂಟು ವರ್ಷ ಹೆಣ್ಣುಮಕ್ಕಳ ಶಾಲೆ ನಡೆಸಿದವಳು ಅವಳು. ಸಂಸತ್ತಿನ ಚುನಾವಣೆಗೆ ನಿಂತದ್ದೊಂದೇ ತಪ್ಪು. ಹಾಕಿದವನಿಗೆ ಹೆಸರಿಲ್ಲ, ಪುಟಕ್ಕೆ ಮಾತ್ರ ಹೆಸರು: 'ಅಮಾರಾದ ಸತ್ಯ'. ಥೂ, ಅವರ ಸತ್ಯಕ್ಕಿಷ್ಟು ಬೆಂಕಿ ಹಾಕ!

ಅದಕ್ಕಿಂತ ಹೊಟ್ಟೆ ಉರಿಸಿದ್ದು ಕೆಳಗಿದ್ದ ಹೆಬ್ಬೆರಳು. ನಮ್ಮ ಬುಡಕಟ್ಟಿನ ಯಜಮಾನರು, ಶೇಖ್ ಖಲಫ್, ಅದನ್ನು ಮೆಚ್ಚಿದ್ದರು! ಅವರಿಗೆ ಓದಲು ಬರುವುದಿಲ್ಲ. ಬುಡಕಟ್ಟಿನವರದು ಏನೇ ಬರಲಿ, ಮದುವೆಯೋ ಸಾವೋ, ಸಲಾಮಿಗೆ ಸಲಾಮು ಹೇಳಿದ ಹಾಗೆ ಹೆಬ್ಬೆರಳು ಒತ್ತಿಬಿಡುತ್ತಾರೆ. ಒತ್ತದಿದ್ದರೆ ಅಗೌರವವಂತೆ. ಊರಿನವರು ತಿಳಿದದ್ದೇ ಬೇರೆ. ಶೇಖ್ ಸಾಹೇಬರೇ ಒಪ್ಪಿದ ಮೇಲೆ ಇನ್ನೇನು! ಸಂಜೆಯೊಳಗೆ ಅವಳ ಪೋಸ್ಟರುಗಳಿಗೆಲ್ಲ ಮಸಿ ಬಳಿದಿದ್ದರು.

ವಿಜ್ದಾನ್ ಅಳಲಿಲ್ಲ. "ಅಣ್ಣಾ, ಅದು ಸುಳ್ಳು ಅಂತ ಅವರು ಒಂದು ಮಾತು ಹೇಳ್ಲಿ, ಸಾಕು. ಓಟಿಗೆ ಇನ್ನು ನಾಲ್ಕೇ ದಿನ," ಎಂದಳು.

ಹೋದೆ. ಜೊಂಡಿನಲ್ಲಿ ಕಟ್ಟಿದ ನಮ್ಮ ಬುಡಕಟ್ಟಿನ ಅತಿಥಿಮನೆ, ಮುದೀಫ್, ಗಂಡಸರಿಂದ ತುಂಬಿತ್ತು. ಕಾಫಿ ಕೊಟ್ಟರು. ಬಟ್ಟಲನ್ನು ತುಟಿಗೆ ತಾಗಿಸದೆ ನೆಲದ ಮೇಲಿಟ್ಟೆ. ಕೇಳಿದ್ದನ್ನು ಕೊಡುವವರೆಗೆ ಕುಡಿಯುವುದಿಲ್ಲ ಎಂದು ಅದರರ್ಥ. ಹಾಗೇ ಎದ್ದುಹೋದರೆ ಯಜಮಾನನ ಮಾನ ಹೋಯಿತು. ಎಲ್ಲರೂ ಆ ಬಟ್ಟಲನ್ನೇ ನೋಡಿದರು.

"ಏನಪ್ಪಾ ಅಬು ಸಜ್ಜಾದ್, ಏನಾಗ್ಬೇಕು?" ಎಂದರು ಶೇಖ್.

"ಆ ವಿಡಿಯೋ ಸುಳ್ಳು ಅಂತ ಹೇಳಿ."

"ಅಯ್ಯೋ, ಯಾರದ್ದೋ ಮದುವೆ ಕುಣಿತ ಅಂದ್ಕೊಂಡೆ ಕಣಯ್ಯಾ! ಕನ್ನಡಕ ಬೇರೆ ಇರ್ಲಿಲ್ಲ."

"ಮದುವೆನೇ ಬಿಡಿ," ಎಂದು ಮೂಲೆಯಲ್ಲೊಬ್ಬ ನಕ್ಕ. "ಊರೆಲ್ಲಾ ದಿಬ್ಬಣ ಬಂದಿದೆಯಲ್ಲ!"

ಅವನ ಹಲ್ಲು ಉದುರಿಸುವಷ್ಟು ಸಿಟ್ಟು ಬಂತು. ನುಂಗಿಕೊಂಡೆ.

"ಬೇರೆ ಬುಡಕಟ್ಟಿನವನು ಮಾಡಿದ್ರೆ ದಂಡ ಹಾಕ್ಬಹುದಿತ್ತು," ಎಂದರು ಶೇಖ್. "ಈ ಪುಟದವನಿಗೆ ಮುಖನೂ ಇಲ್ಲ, ಕುಲನೂ ಇಲ್ಲ. ಇರ್ಲಿ, ನಿನ್ನ ತಂಗಿ ಮಾನ ನನ್ನ ಮಾನ. ಈಗ್ಲೇ ಬರೆಸಿ ಹಾಕಿಸ್ತೀನಿ. ಕುಡಿ."

ಒಂದೇ ಗುಟುಕಿಗೆ ಕುಡಿದೆ.

ಮನೆ ಮುಟ್ಟುವ ಮೊದಲೇ ಬುಡಕಟ್ಟಿನ ಪುಟದಲ್ಲಿ ಬಂತು: 'ನಮ್ಮ ಮಗಳು ವಿಜ್ದಾನ್ ಪರಿಶುದ್ಧಳು. ಅಣ್ಣನ ಒಪ್ಪಿಗೆಯ ಮೇರೆಗೆ ಚುನಾವಣೆಯಿಂದ ಹಿಂದೆ ಸರಿದಿದ್ದಾಳೆ.' ವಿಡಿಯೋದ ಸುದ್ದಿಯೇ ಇಲ್ಲ! ಕೂಡಲೇ ಫೋನು ಮಾಡಿದೆ.

"ಮಾನ ಉಳಿಸಿದೀನಲ್ಲಪ್ಪಾ," ಎಂದರು ಶೇಖ್. "ಕುಡಿದಾಯ್ತು, ಮಾತು ಮುಗೀತು."

ಮನೆಯ ಗೇಟಿನಲ್ಲೇ ವಿಜ್ದಾನ್ ನಿಂತಿದ್ದಳು. ಅವಳೂ ಓದಿದ್ದಳು.

"ನಾನು ಒಳ್ಳೆಯವಳು ಅಂತ ಅವರ ಕೈಲಿ ಬರೆಸ್ಕೊಂಡು ಬಾ ಅಂದಿದ್ನಾ ಅಣ್ಣಾ? ಅದು ಸುಳ್ಳು ಅಂತ ಹೇಳ್ಸು ಅಂದೆ."

"ಕುಡಿದ ಮೇಲೆ ಮತ್ತೆ ಕೇಳೋ ಹಾಗಿಲ್ಲ ಕಣೇ. ನಮ್ಮ ಪದ್ಧತಿ..."

"ಪದ್ಧತಿ ಅಂತೆ, ಪದ್ಧತಿ! ನನ್ನನ್ನ ಬತ್ತಲೆ ಮಾಡಿದಾಗ ಎಲ್ಲಿತ್ತು ನಿಮ್ಮ ಪದ್ಧತಿ? ಮತಪತ್ರ ಅಚ್ಚಾಗಿ ಹೋಗಿದೆ. ಅದರಲ್ಲಿರೋ ನನ್ನ ಹೆಸರನ್ನ ನಿಮ್ಮ ಯಾವ ಶೇಖೂ ಅಳಿಸೋಕಾಗಲ್ಲ. ಹಿಡಿ ಫೋನು, ವಿಡಿಯೋ ತೆಗಿ."

ಹಿಡಿದೆ. ಅವಳು ಮೈಮೇಲಿನ ಕಪ್ಪು ನಿಲುವಂಗಿ, ಅಬಾಯಾ, ಸರಿಪಡಿಸಿಕೊಂಡು, ಮಸಿ ಬಳಿದ ತನ್ನ ಪೋಸ್ಟರಿನ ಪಕ್ಕದಲ್ಲಿ ನೆಟ್ಟಗೆ ನಿಂತಳು.

"ನಾನು ವಿಜ್ದಾನ್. ಆ ವಿಡಿಯೋ ಸುಳ್ಳು. ನಾನು ಹಿಂದೆ ಸರಿದಿಲ್ಲ. ಶೇಖ್ ಸಾಹೇಬರ ಕಾಫಿ ಕುಡಿದದ್ದು ನನ್ನ ಅಣ್ಣ. ನಾನಲ್ಲ."

ಆಮೇಲೆ ನನ್ನ ಮುಖವನ್ನೇ ನೋಡಿದಳು. "ಈಗ ನಿನ್ನ ಹೆಸರಲ್ಲೇ ಹಾಕು."

ಹಾಕಿದರೆ ಜೀವಮಾನದಲ್ಲಿ ಇನ್ನು ಆ ಮುದೀಫಿನೊಳಗೆ ಕಾಲಿಡುವಂತಿರಲಿಲ್ಲ. ಹಾಕಿದೆ.