ಒಂದನೇ ಪ್ಲಾಟ್‌ಫಾರ್ಮಿಗೆ ಬರುವ ಗಾಡಿ

ಆಟಿಕೆ ರೈಲು ಎಂದರೆ ಚಿಕ್ಕಪ್ಪನಿಗೆ ಮೂಗಿನ ತುದಿಗೆ ಕೋಪ ಬರುತ್ತದೆ. ಅದು ಮಾದರಿ ರೈಲ್ವೆ. ಮಹಡಿಯ ಕೋಣೆಯಲ್ಲಿ ಗೋಡೆಯಿಂದ ಗೋಡೆಗೆ ಪ್ಲೈವುಡ್ ಹಲಗೆ, ಅದರ ಮೇಲೆ ಹಳಿ, ಸೇತುವೆ, ಗೇಟು, ಎರಡು ಪ್ಲಾಟ್‌ಫಾರ್ಮಿನ, ಅಂಗೈಯಗಲದ ಒಂದು ಸ್ಟೇಷನ್ನು. ನೋಡಲು ಚೆನ್ನಾಗಿತ್ತು, ಇಲ್ಲವೆನ್ನುವುದಿಲ್ಲ. ಆದರೆ ಗಾಡಿಯ ಸುತ್ತ ಒಂದು ಸದ್ದಿಲ್ಲ, ಗದ್ದಲವಿಲ್ಲ. ಭಾನುವಾರ ಅದೇ ಹುಚ್ಚಿನ ಅವರ ಗೆಳೆಯರೆಲ್ಲ ನೋಡಲು ಬರುವವರಿದ್ದರು. ಅಷ್ಟರಲ್ಲಿ ಹಳಿಯ ಪಕ್ಕದ ಸದ್ದುಗಳನ್ನೆಲ್ಲ ಜೋಡಿಸಬೇಕಾಗಿತ್ತು. ಸ್ಪೀಕರು, ಆಂಪ್ಲಿಫೈಯರು ರಿಪೇರಿ ಮಾಡಿ ಬದುಕುವ ಅಣ್ಣನ ಮಗಳು ಇರುವಾಗ ಬೇರೆಯವರನ್ನು ಯಾಕೆ ಕರೆಯುತ್ತಾರೆ? ನನಗೆ ಬುಲಾವ್ ಬಂತು.

ಗೇಟಿನ ಗಂಟೆ, ಎಂಜಿನ್ನಿನ ಸೀಟಿ, ಸ್ಟೇಷನ್ನಿನ ಘೋಷಣೆ. ಪ್ರತಿಯೊಂದಕ್ಕೂ ಬೆಂಕಿಪೊಟ್ಟಣದಷ್ಟು ದೊಡ್ಡ ಬೋರ್ಡು, ಒಂದು ಪುಟ್ಟ ಸ್ಪೀಕರು. ಎಂಜಿನ್ನಿನ ಹೊಟ್ಟೆಗೆ ಅಯಸ್ಕಾಂತ ಅಂಟಿಸಿ, ಹಳಿಗಳ ನಡುವೆ ಗಾಜಿನ ಸ್ವಿಚ್ ಹುದುಗಿಸಿದರೆ, ಗಾಡಿ ಹಾದಾಗ ಸ್ವಿಚ್ ಕೂಡಿಕೊಂಡು ಸದ್ದು ಹೊರಡುತ್ತದೆ. ಹೇಳುವುದಕ್ಕೆ ಸುಲಭ. ಹಲಗೆಯ ಕೆಳಗೆ ಅಂಗಾತ ಮಲಗಿ ಬೆಸುಗೆ ಹಾಕುವವರಿಗೆ ಗೊತ್ತು, ಕಾದ ಸೀಸ ಯಾವಾಗಲೂ ಮೇಲಿನಿಂದ ಕೆಳಕ್ಕೇ ಬೀಳುತ್ತದೆ. ಗಂಟೆಯ ಸ್ವಿಚ್ಚನ್ನು ಗೇಟಿನ ಪಕ್ಕದಲ್ಲೇ ಹಾಕಿದ್ದೆ. ಗಾಡಿ ಗೇಟಿಗೆ ಬಂದ ಮೇಲೆ ಗಂಟೆ ಹೊಡೆದರೆ ಯಾವ ಪುರುಷಾರ್ಥಕ್ಕೆ ಎಂದು ಚಿಕ್ಕಪ್ಪ ತರಾಟೆಗೆ ತೆಗೆದುಕೊಂಡರು. ಬಾಯಿ ಮುಚ್ಚಿಕೊಂಡು ಕಿತ್ತು, ಒಂದು ಮೊಳ ಹಿಂದಕ್ಕೆ ಹಾಕಿದೆ. ಹಳಿಯ ಕರೆಂಟನ್ನೇ ಬೋರ್ಡಿಗೂ ಕೊಡು ಎಂದರು. ಕೊಟ್ಟರೆ ಮೋಟರಿನ ಚಟಪಟವೆಲ್ಲ ಸ್ಪೀಕರಿನಲ್ಲಿ ಬರುತ್ತದೆ ಎಂದೆ. ಅದಕ್ಕೆ ಮಾತ್ರ ಒಪ್ಪಿದರು.

ಘೋಷಣೆಗೆಂದು ಅವರು ಅಂಗಡಿಯಿಂದ ರೆಡಿಮೇಡ್ ಚಿಪ್ ತಂದಿದ್ದರು. ಯಾರೋ ಹೆಂಗಸು, ನಯವಾದ ದನಿ: ಗಾಡಿ ಬರುತ್ತಿದೆ, ಪ್ರಯಾಣಿಕರು ಗಮನಿಸಿ. ಪರೀಕ್ಷೆ ಮಾಡಲು ನಾವು ಅದನ್ನು ಕೂಗಿಸಿದಾಗಲೆಲ್ಲ ಕೆಳಗೆ ಅಡುಗೆಮನೆಯ ಬಾಗಿಲು ದಡಾರನೆ ಮುಚ್ಚಿಕೊಳ್ಳುತ್ತಿತ್ತು. ನಮ್ಮ ಚಿಕ್ಕಮ್ಮ ರೈಲ್ವೆ ಸ್ಟೇಷನ್ನಿನಲ್ಲಿ ಘೋಷಣೆ ಮಾಡುತ್ತಿದ್ದವರು. ಮೈಕಿನ ಮುಂದೆ ಕೂತು ಊರಿಗೆ ಊರನ್ನೇ ಪ್ಲಾಟ್‌ಫಾರ್ಮಿನಿಂದ ಪ್ಲಾಟ್‌ಫಾರ್ಮಿಗೆ ಓಡಿಸಿದವರು. ಆಮೇಲೆ ಗಂಟಲಿನ ಆಪರೇಷನ್ ಆಯಿತು. ಜೀವಕ್ಕೇನೂ ಅಪಾಯವಾಗಲಿಲ್ಲ, ದನಿ ಮಾತ್ರ ಒಡೆದುಹೋಯಿತು. ಫೋನು ಎತ್ತಿದರೆ ಆ ಕಡೆಯವರು ಸರ್ ಅನ್ನುತ್ತಾರೆ. ಅದಕ್ಕೇ ಈಗ ಎತ್ತುವುದಿಲ್ಲ.

ಚಿಕ್ಕಪ್ಪ ವೈರ್ ತರಲು ಪೇಟೆಗೆ ಹೋಗಿದ್ದಾಗ ಚಿಕ್ಕಮ್ಮ ನನಗೆ ಟೀ ತಂದುಕೊಟ್ಟು, ಆ ಚಿಪ್ಪಿನ ಜನ್ಮ ಜಾಲಾಡಿದರು. ಊರ ಹೆಸರಿಲ್ಲ, ಪ್ಲಾಟ್‌ಫಾರ್ಮಿನ ನಂಬರಿಲ್ಲ, ಜನ ಎಲ್ಲಿ ಹೋಗಿ ನಿಲ್ಲಬೇಕಂತೆ? ಊರ ಹೆಸರಾದ ಮೇಲೆ ಒಂದು ಉಸಿರು ಬಿಡಬೇಕು, ಮುದುಕರು ಗಂಟು ಎತ್ತಿಕೊಳ್ಳಬೇಕಲ್ಲ. ಆಮೇಲೆ ನಂಬರು. ಇವಳಿಗೆ ಯಾರು ಕೆಲಸ ಕೊಟ್ಟರೋ.

ಹಾಗಾದರೆ ನೀವೇ ಹೇಳಿ, ರೆಕಾರ್ಡ್ ಮಾಡುವ ಬೋರ್ಡು ನನ್ನ ಚೀಲದಲ್ಲೇ ಇದೆ ಎಂದೆ. ಅವರ ಕೈ ತನ್ನಷ್ಟಕ್ಕೆ ಗಂಟಲಿಗೆ ಹೋಯಿತು.

"ಸ್ಟೇಷನ್ನಿಗೆ ಏನು ಹೆಸರಿಡಲಿ ಅಂತ ಕೇಳಿದ್ರು. ಚಾವಣಿಗೆ ಯಾವ ಬಣ್ಣ ಅಂತ ಕೇಳಿದ್ರು. ಇದನ್ನ ಮಾತ್ರ ಕೇಳ್ಲಿಲ್ಲ. ಗೆಳೆಯರ ಮುಂದೆ ನನ್ನ ದನಿ ಕೇಳ್ಸೋಕೆ ಅವರಿಗೆ ನಾಚ್ಕೆ ಕಣೆ."

ನನಗೆ ಚಿಕ್ಕಪ್ಪನ ಮೇಲೆ ಉರಿದುಹೋಯಿತು. ನಿಮ್ಮ ದನಿ ಕೇಳಿ ಅವರು ಮುಖ ಸಿಂಡರಿಸಿದರೆ ರೆಕಾರ್ಡ್ ಅಳಿಸುವುದಷ್ಟೇ ಅಲ್ಲ, ಇಡೀ ಹಲಗೆಯ ವೈರುಗಳನ್ನೇ ಕತ್ತರಿಸಿ ಮನೆಗೆ ಹೋಗುತ್ತೇನೆ ಎಂದೆ. ತಮಾಷೆಗೆ ಹೇಳಿದ್ದಲ್ಲ. ಚಿಕ್ಕಮ್ಮ ಸ್ಟೇಷನ್ನಿನತ್ತ ತಿರುಗಿದರು. ಕನ್ನಡಕ ತೆಗೆದಿಟ್ಟು, ಬೆನ್ನು ನೆಟ್ಟಗೆ ಮಾಡಿಕೊಂಡು, ಬಟನ್ ಒತ್ತು ಎಂದು ಕಣ್ಣಲ್ಲೇ ಹೇಳಿದರು. ಒಂದೇ ಸಲಕ್ಕೆ ಹೇಳಿ ಮುಗಿಸಿದರು. ದನಿ ಒಡಕು, ಮರಕ್ಕೆ ಉಪ್ಪುಕಾಗದ ಉಜ್ಜಿದ ಹಾಗೆ. ಆದರೆ ಊರ ಹೆಸರಾದ ಮೇಲೆ ಆ ಉಸಿರು ಬಿಟ್ಟ ಜಾಗವಿತ್ತಲ್ಲ, ಅಲ್ಲಿ ನಾನೇ ಎದ್ದು ನಿಲ್ಲುವವಳಿದ್ದೆ. ಹಳೆಯ ಚಿಪ್ ಕಿತ್ತು ಇದನ್ನು ಬೆಸೆದೆ.

ಚಿಕ್ಕಪ್ಪ ಬಂದರು. ಏನೂ ಹೇಳದೆ ಗಾಡಿ ಬಿಟ್ಟೆ. ಚಿಕ್ಕಮ್ಮ ಬಾಗಿಲಲ್ಲೇ ನಿಂತಿದ್ದರು, ಒಂದು ಕಾಲು ಮೆಟ್ಟಿಲಿನ ಮೇಲೆ. ಗಂಟೆ ಹೊಡೆಯಿತು, ಗಾಡಿ ಗೇಟು ದಾಟಿತು, ಸೀಟಿ ಕೂಗಿತು. ಆಮೇಲೆ ಸ್ಟೇಷನ್ನಿನ ಚಾವಣಿಯ ಕೆಳಗಿನಿಂದ ಆ ದನಿ ಬಂತು. ಚಿಕ್ಕಪ್ಪನ ಕೈ ಥಟ್ಟನೆ ಗಾಡಿ ನಿಲ್ಲಿಸುವ ಬಟನ್ನಿಗೆ ಹೋಗಿ, ಗಾಡಿ ನಡುದಾರಿಯಲ್ಲಿ ನಿಂತಿತು.

"ಇದು ತಪ್ಪು," ಎಂದರು.

ಚಿಕ್ಕಮ್ಮ ಕೆಳಗಿಳಿಯಲು ತಿರುಗಿಯೇಬಿಟ್ಟರು. ನಾನು ಕತ್ತರಿ ಹುಡುಕಿದೆ.

"ಗಾಡಿ ಬರ್ತಿರೋದು ಎರಡನೇ ಪ್ಲಾಟ್‌ಫಾರ್ಮಿಗೆ. ನೀನು ಒಂದು ಅಂದಿದ್ದೀಯ."

ಚಿಕ್ಕಮ್ಮ ನಿಂತರು. ಅವರ ಹಳೆಯ ಸ್ಟೇಷನ್ನಿನಲ್ಲಿ ಪ್ಯಾಸೆಂಜರ್ ಗಾಡಿ ಎಂದಿಗೂ ಒಂದಕ್ಕೇ ಬರುತ್ತಿದ್ದದ್ದು. ನಾಲಿಗೆಗೆ ಅದೇ ಅಭ್ಯಾಸ. ದನಿಯ ಬಗ್ಗೆ ಏನಾದರೂ ಅನ್ನುತ್ತಾರೋ ಎಂದು ಕಾದರು. ತಪ್ಪು ನಂಬರು, ಅಷ್ಟೇ ಚಿಕ್ಕಪ್ಪನ ತಕರಾರು.

"ಹೇಳಿದ್ದಾಯ್ತು. ಘೋಷಣೆ ಆದ್ಮೇಲೆ ನಂಬರು ಬದಲಾಯ್ಸಲ್ಲ ನಾನು. ಗಾಡಿನೇ ಒಂದಕ್ಕೆ ತನ್ನಿ," ಎಂದರು ಚಿಕ್ಕಮ್ಮ.

ಹಳಿಯ ಒಂದು ಕಲ್ಲು ಆಚೀಚೆಯಾದರೆ ಊಟ ಬಿಡುವ ಮನುಷ್ಯ. ಎರಡನೇ ಪ್ಲಾಟ್‌ಫಾರ್ಮಿನ ದಾರಿಯನ್ನು ನೋಡಿದರು, ಹೆಂಡತಿಯನ್ನು ನೋಡಿದರು. ಆಮೇಲೆ, ಘೋಷಣೆ ಮಾಡೆಂದು ಕೇಳಿದರೆ ನೀನು ಅಳುತ್ತೀಯೆಂದು ಇಷ್ಟು ದಿನ ಕೇಳಲಿಲ್ಲ ಎಂದು ಮೆಲ್ಲಗೆ ಹೇಳಿದರು.

"ಕೇಳ್ಲಿಲ್ಲ ಅಂತ ಅತ್ತಿದ್ದೀನಿ," ಎಂದರು ಚಿಕ್ಕಮ್ಮ.

ನಾನು ಹಲಗೆಯ ಕೆಳಗೆ ನುಸುಳಿದೆ. ಮಾಡಿದ ಕೆಲಸವನ್ನೇ ಮತ್ತೆ ಕಿತ್ತು, ಘೋಷಣೆಯ ಸ್ವಿಚ್ಚನ್ನು ಒಂದನೇ ಪ್ಲಾಟ್‌ಫಾರ್ಮಿನ ಹಳಿಗೆ ಹಾಕಬೇಕಿತ್ತು. ಮೈಯೆಲ್ಲ ನೋವು, ಯಾರನ್ನು ಬಯ್ಯಬೇಕೋ ತಿಳಿಯಲಿಲ್ಲ. ಮೇಲೆ ಚಿಮುಟದ ಸದ್ದು ಕೇಳಿಸುತ್ತಿತ್ತು. ಎರಡನೇ ಪ್ಲಾಟ್‌ಫಾರ್ಮಿನಲ್ಲಿ ಅಂಟಿಸಿದ್ದ ಬೆರಳ ತುದಿಯಷ್ಟು ಎತ್ತರದ ಪ್ರಯಾಣಿಕರನ್ನು ಚಿಕ್ಕಪ್ಪ ಒಬ್ಬೊಬ್ಬರನ್ನಾಗಿ ಬಿಡಿಸುತ್ತಿದ್ದರು.

"ಇವರನ್ನೂ ಒಂದಕ್ಕೇ ನಿಲ್ಲಿಸ್ಲಾ?"

"ಮತ್ತೆ? ನಾನು ಹೇಳಿದ್ದು ಅವರಿಗೆ ಕೇಳ್ಸಿದೆ," ಎಂದಿತು ಆ ಒಡಕು ದನಿ, ಕೋಣೆ ತುಂಬುವಷ್ಟು ಜೋರಾಗಿ.