ಯಾರ ದೇಶದ ಖರ್ಚು ಹೆಚ್ಚು

ಶಿಕ್ಷಣ ಇಲಾಖೆಯ ಅಂಕಿಅಂಶ ವಿಭಾಗದಲ್ಲಿ ಅವಳಿಗೆ ಲೆಕ್ಕದಕ್ಕ ಎಂದೇ ಹೆಸರು. ಒಂದು ಬೆಳಿಗ್ಗೆ ನಿರ್ದೇಶಕರು ಅವಳ ಮೇಜಿನ ಬಳಿ ಬಂದು ನಿಂತರು.

"ನೋಡಮ್ಮಾ, ಪದವಿಪೂರ್ವ ತರಗತಿಗಳಿಗೆ ನಮ್ಮ ಸರ್ಕಾರ ಎಷ್ಟು ಖರ್ಚು ಮಾಡುತ್ತೆ, ಪಕ್ಕದ ದೇಶದವರು ಎಷ್ಟು ಮಾಡ್ತಾರೆ, ಒಂದೇ ಹಾಳೇಲಿ ಬೇಕು. ಹಣಕಾಸಿನವರ ಎದೆ ಝಲ್ಲೆನ್ನಬೇಕು."

ಝಲ್ಲೆನ್ನುವಂಥ ಅಂಕಿಯೇ ಸಿಕ್ಕಿತು. ಒಬ್ಬೊಬ್ಬ ವಿದ್ಯಾರ್ಥಿಗೆ ಪಕ್ಕದ ದೇಶ ಇವರ ಒಂದೂವರೆ ಪಟ್ಟು ಸುರಿಯುತ್ತಿತ್ತು. ನಿರ್ದೇಶಕರು ಹಿರಿಹಿರಿ ಹಿಗ್ಗಿದರು. ಸ್ವಂತ ದೇಶ ಹಿಂದೆ ಬಿದ್ದದ್ದಕ್ಕೆ ಇಷ್ಟು ಖುಷಿಪಟ್ಟವರನ್ನು ಲೆಕ್ಕದಕ್ಕ ಕಂಡಿರಲಿಲ್ಲ.

ಅವಳ ತಂಗಿ ಮದುವೆಯಾಗಿ ಹೋಗಿದ್ದು ಆ ಪಕ್ಕದ ದೇಶಕ್ಕೇ. ಅಲ್ಲಿ ಪದವಿಪೂರ್ವ ಮಕ್ಕಳಿಗೆ ಜೀವಶಾಸ್ತ್ರ ಕಲಿಸುತ್ತಿದ್ದಳು. ಆ ವಾರ ರಜೆಗೆ ಬಂದವಳು ಅಡುಗೆಮನೆಯ ಕಟ್ಟೆ ಹತ್ತಿ ಕೂತಿದ್ದಾಗ ಅಕ್ಕ ವಿಷಯ ತೆಗೆದಳು.

"ಪುಣ್ಯವಂತರು ಕಣೇ ನೀವು! ನಮ್ಮ ಒಂದೂವರೆ ಪಟ್ಟು ಖರ್ಚು ಮಾಡ್ತೀರಿ."

ತಂಗಿ ಬಿದ್ದು ಬಿದ್ದು ನಕ್ಕಳು. "ಅಯ್ಯೋ ಅಕ್ಕಾ! ನಮ್ಮ ಮಂತ್ರಿಗಳು ಮೊನ್ನೆ ಮೇಜು ಕುಟ್ಟಿ ಹೇಳಿದ್ರು, ನೀವೇ ನಮಗಿಂತ ಜಾಸ್ತಿ ಖರ್ಚು ಮಾಡ್ತೀರಂತೆ. ನಮ್ಮ ಸ್ಟಾಫ್ ರೂಮಲ್ಲಿ ಎಲ್ಲರೂ ನಿಮ್ಮ ಮೇಲೆ ಹೊಟ್ಟೆ ಉರ್ಕೊಂಡು ಕೂತಿದಾರೆ!"

ಅಕ್ಕ ಸೌಟು ಕೆಳಗಿಟ್ಟಳು. ಊಟ ತಣ್ಣಗಾದರೂ ಇಬ್ಬರೂ ಲೆಕ್ಕ ಬಿಟ್ಟು ಏಳಲಿಲ್ಲ. ಆ ಮಂತ್ರಿಗಳು ದೇಶದ ಒಟ್ಟು ಆದಾಯದಲ್ಲಿ ಎಷ್ಟು ಪಾಲು ಎಂದು ನೋಡಿದ್ದರು; ಇಲ್ಲಿನ ಆದಾಯ ಕಡಿಮೆ, ಹಾಗಾಗಿ ಪಾಲು ದೊಡ್ಡದಾಗಿ ಕಂಡಿತ್ತು. ಇವಳು ತಲಾ ಖರ್ಚು ನೋಡಿದ್ದಳು. ಮೇಲಾಗಿ, ಕಸುಬು ಕಲಿಸುವ ತರಗತಿಗಳೂ ಹಾಸ್ಟೆಲ್ಲುಗಳೂ ಅಲ್ಲಿ ಶಿಕ್ಷಣದ ಖರ್ಚಿನೊಳಗೇ ಬರುತ್ತಿದ್ದವು. ಇಲ್ಲಿ ಅವು ಬೇರೆ ಇಲಾಖೆಗಳ ಪಾಲಾಗಿದ್ದವು. ಅವನ್ನೂ ಸೇರಿಸಿದರೆ ತಲಾ ಖರ್ಚಿನಲ್ಲಿ ಎರಡು ದೇಶಗಳೂ ಹೆಚ್ಚುಕಡಿಮೆ ಸಮ.

"ಆದ್ರೂ ನಮ್ಮಲ್ಲಿ ಇಬ್ಬರಿಗೊಂದು ಮೈಕ್ರೋಸ್ಕೋಪ್ ಇದೆ," ಎಂದಳು ತಂಗಿ.

"ನಮ್ಮಲ್ಲಿ ಇಡೀ ತರಗತಿಗೆ ಒಂದು. ಆದ್ರೆ ಲೈಬ್ರರಿ ಸಂಜೆವರೆಗೂ ತೆಗೆದಿರುತ್ತೆ."

"ನಮ್ಮದಕ್ಕೆ ಮಧ್ಯಾಹ್ನವೇ ಬೀಗ!"

ಮರುದಿನ ಲೆಕ್ಕದಕ್ಕ ಎಲ್ಲವನ್ನೂ ಹೊಸದಾಗಿ ಬರೆದು ನಿರ್ದೇಶಕರ ಮುಂದಿಟ್ಟಳು. ಅವರ ಮುಖ ಹುಳ್ಳಗಾಯಿತು.

"ಇದನ್ನ ತೋರಿಸಿದ್ರೆ ಕಿಲುಬು ಕಾಸೂ ಹುಟ್ಟಲ್ಲ. ಹಳೇದೇ ಇರ್ಲಿ."

ಸಭೆಯಲ್ಲಿ ನಿರ್ದೇಶಕರು ಒಂದೂವರೆ ಪಟ್ಟಿನ ಕಥೆಯನ್ನು ದೊಡ್ಡ ದನಿಯಲ್ಲಿ ಹೇಳಿದರು. ಹಣಕಾಸು ಕಾರ್ಯದರ್ಶಿ ಕೊನೆವರೆಗೂ ಕೇಳಿಸಿಕೊಂಡು, ಪಕ್ಕದ ದೇಶದ ಪತ್ರಿಕೆಯೊಂದನ್ನು ಮೇಜಿನ ಮೇಲೆ ಹರಡಿದರು.

"ಅಲ್ರೀ, ಅವರು ನಿಮ್ಮನ್ನ ತೋರಿಸಿ ದುಡ್ಡು ಕೇಳ್ತಾರೆ, ನೀವು ಅವರನ್ನ ತೋರಿಸಿ ಕೇಳ್ತೀರಿ. ನಾನು ಯಾರನ್ನ ನಂಬಲಿ?"

ನಿರ್ದೇಶಕರು ಓರೆಗಣ್ಣಿನಲ್ಲಿ ಪಕ್ಕದಲ್ಲಿದ್ದ ಲೆಕ್ಕದಕ್ಕನ ಕಡೆ ನೋಡಿ, ನೀನೇ ಹೇಳು ಎನ್ನುವಂತೆ ತಲೆಯಾಡಿಸಿದರು. ಅವಳು ಎದ್ದು ನಿಂತಳು.

"ಇಬ್ಬರನ್ನೂ ನಂಬಬೇಡಿ ಸಾರ್. ಸರಿಯಾಗಿ ಕೂಡಿಸಿದ್ರೆ ಇಬ್ಬರದೂ ಒಂದೇ. ಅವರು ಜಾಸ್ತಿ ಕೊಡ್ತಾರೆ ಅಂತ ನಮಗೆ ಕೊಡಬೇಡಿ. ಇಡೀ ತರಗತಿಗೆ ಒಂದೇ ಮೈಕ್ರೋಸ್ಕೋಪ್, ನಮ್ಮ ಮಕ್ಕಳು ಜೀವಕೋಶ ಅಂದ್ರೆ ಪುಸ್ತಕದ ಚಿತ್ರ ಅಂದ್ಕೊಂಡಿದಾರೆ, ಅದಕ್ಕೆ ಕೊಡಿ."

ಕಾರ್ಯದರ್ಶಿ ಕನ್ನಡಕ ತೆಗೆದು ನಕ್ಕರು. "ತಮ್ಮ ಇಲಾಖೆಯ ಲೆಕ್ಕವನ್ನ ತಾವೇ ತಪ್ಪು ಅಂದವರನ್ನ ಇವತ್ತು ನೋಡಿದೆ. ಎಷ್ಟು ಮೈಕ್ರೋಸ್ಕೋಪ್ ಬೇಕು, ಹೇಳಿ."

ಹೊರಗೆ ಬಂದ ಮೇಲೆ ನಿರ್ದೇಶಕರು ಬೆವರು ಒರೆಸಿಕೊಂಡು, "ಒಳ್ಳೇ ಗಟ್ಟಿಗಿತ್ತಿ ಕಣಮ್ಮಾ ನೀನು," ಎಂದರು. ಆಮೇಲೆ ದಾರಿಯುದ್ದಕ್ಕೂ, ಮೊದಲಿಂದಲೂ ತಮ್ಮ ಅಭಿಪ್ರಾಯ ಅದೇ ಆಗಿತ್ತು ಎಂದು ಹೇಳುತ್ತಾ ಬಂದರು.

ಮೈಕ್ರೋಸ್ಕೋಪುಗಳು ಬಂದ ವಾರ ಅವಳು ಹತ್ತಿರದ ಕಾಲೇಜೊಂದಕ್ಕೆ ಹೋದಳು. ಹುಡುಗಿಯೊಬ್ಬಳು ಈರುಳ್ಳಿ ಸಿಪ್ಪೆಯನ್ನು ಗಾಜಿನ ಮೇಲಿಟ್ಟು ಬಗ್ಗಿದವಳು ಏಳಲೇ ಇಲ್ಲ.

"ನಂಗೂ ಸ್ವಲ್ಪ ತೋರಿಸೇ, ಮರೀ," ಎಂದಳು ಲೆಕ್ಕದಕ್ಕ.

"ಇರಿ ಆಂಟಿ, ಈಗ ತಾನೇ ಕಾಣ್ತಾ ಇದೆ!"