ರಿಜಿಲನ ಹೆಪ್ಪು

"ಇದನ್ನೇ ಹಾಕ್ತೀರಾ ಚೇಚಿ? ನಿಜವಾಗ್ಲೂ?" ಎನ್ನುತ್ತ ಫಹ್ಮಿದಾ ತನ್ನ ಕುರ್ಚಿಯನ್ನು ಶಿಮ್ನಾಳ ಪಕ್ಕಕ್ಕೆ ಎಳೆದುಕೊಂಡಳು.

ಶಿಮ್ನಾಳ ಕಂಪ್ಯೂಟರಿನಲ್ಲಿ ಕಪ್ಪು ಕಿಟಕಿಯೊಂದು ತೆರೆದಿತ್ತು. ಅದರಲ್ಲಿ ಒಂದೇ ಸಾಲು ಉತ್ತರಕ್ಕಾಗಿ ಕಾಯುತ್ತಿತ್ತು: 'ಕೂಸಿಗೆ ಏನು ಹೆಸರಿಡ್ತೀಯೋ?'

"ಹೂಂ, ಇದನ್ನೇ," ಎಂದಳು ಶಿಮ್ನಾ. "ಕೈಗೆ ಪಳಗಿರೋದು. ಪ್ಯಾಲಿಯೇಟಿವ್‌ನವರು ತಮ್ಮ ರೋಗಿಗಳ ಪಟ್ಟಿಯ ತಾಣಕ್ಕೆ ಅವಸರ ಮಾಡ್ತಿದ್ದಾರೆ."

"ಹೊಸ ಟೆಂಪ್ಲೇಟನ್ನ ಲೋಕವೆಲ್ಲ ಬಳಸ್ತಾ ಇದೆ. ಯಾರಾದ್ರೂ ಅದನ್ನ ತಿದ್ದುತ್ತಾನೇ ಇರ್ತಾರೆ. ಇದನ್ನ ತಿದ್ದೋರು ಯಾರು, ಹೇಳಿ?"

ಉತ್ತರ ಇಬ್ಬರಿಗೂ ಗೊತ್ತಿತ್ತು. ತಿದ್ದಬೇಕಾದ ರಿಜಿಲ್ ಹಿಂದಿನ ಮಳೆಗಾಲದಲ್ಲಿ ನೆರೆ ಇಳಿದ ಮನೆಗಳ ಕೆಸರು ಬಳಿಯಲು ಬರಿಗಾಲಲ್ಲಿ ಹೋಗಿದ್ದ. ಇಲಿಜ್ವರ ಹತ್ತಿತು. ಮೈಕೈ ನೋವು ಅಷ್ಟೇ ಎಂದು ಎರಡು ದಿನ ಕಚೇರಿಗೂ ಬಂದ. ಆಮೇಲೆ ಆಸ್ಪತ್ರೆಗೆ ಹೋದವನು ವಾಪಸು ಬರಲಿಲ್ಲ. ಮಿಠಾಯಿ ತೆರುವು ಎಂಬ ಅಂಗಡಿಬೀದಿಯ ಹಿಂದಿನ ಗಲ್ಲಿಯಲ್ಲಿ, ಬೇಕರಿಯೊಂದರ ಮಹಡಿಯ ಮೇಲಿದ್ದ ಈ ಪುಟ್ಟ ಕಚೇರಿಯನ್ನು ಅವನೂ ಶಿಮ್ನಾಳೂ ಸೇರಿ ಶುರುಮಾಡಿದ್ದರು. ಅವನು ಹೋದ ಮೇಲೆ ಫಹ್ಮಿದಾ ಬಂದಳು, ಶಿಮ್ನಾಳನ್ನು ಚೇಚಿ, ಅಂದರೆ ಅಕ್ಕ, ಎಂದು ಕರೆಯತೊಡಗಿದಳು. ಅವನ ಕುರ್ಚಿಯಲ್ಲಿ ಕೂರಲು ಮಾತ್ರ ಅವಳಿಗೆ ಯಾರೂ ಹೇಳಲಿಲ್ಲ, ಅವಳಾಗಿಯೇ ಮನೆಯಿಂದ ಒಂದು ಕುರ್ಚಿ ತಂದುಕೊಂಡಳು.

ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಜಾಲತಾಣ ಕಟ್ಟುವವರು ಪ್ರತಿ ಸಲವೂ ಬರಿನೆಲದಿಂದ ಶುರು ಮಾಡುವುದಿಲ್ಲ. ಲಾಗಿನ್ನು, ಡೇಟಾಬೇಸು, ಇಮೇಲು ಎಲ್ಲವನ್ನೂ ಮೊದಲೇ ಜೋಡಿಸಿಟ್ಟ ಒಂದು ಟೆಂಪ್ಲೇಟ್ ಇರುತ್ತದೆ. ಅದು ಕೇಳುವ ನಾಲ್ಕಾರು ಪ್ರಶ್ನೆಗಳಿಗೆ ಉತ್ತರ ಕೊಟ್ಟರೆ ಹೊಸ ತಾಣದ ಅಸ್ಥಿಪಂಜರ ಎದ್ದು ನಿಲ್ಲುತ್ತದೆ. ರಿಜಿಲ್ ಅಂಥದ್ದೊಂದನ್ನು ಸ್ವಂತ ಕೈಯಿಂದ ಮಾಡಿಟ್ಟು 'ಹೆಪ್ಪು' ಎಂದು ಹೆಸರಿಟ್ಟಿದ್ದ. ಡ್ರೈವಿಂಗ್ ಸ್ಕೂಲು, ಹೆಂಚಿನ ಅಂಗಡಿ, ದೋಣಿ ರಿಪೇರಿಯವರು, ಈ ಕಚೇರಿಯಿಂದ ಹೊರಬಿದ್ದ ತಾಣಗಳೆಲ್ಲ ಅದೇ ಹೆಪ್ಪಿನಿಂದ ಆದವು. ಪ್ರಶ್ನೆಗಳನ್ನು ಅವನು ತಾನು ಮಾತಾಡುವ ಹಾಗೆಯೇ ಬರೆದಿದ್ದ. ಉತ್ತರ ತೋಚದವರಿಗೆ ಪ್ರಶ್ನೆಯ ಪಕ್ಕದ ಆವರಣಚಿಹ್ನೆಯಲ್ಲಿ ಅವನದೇ ಉತ್ತರ ಸಿದ್ಧವಾಗಿರುತ್ತಿತ್ತು. ಎಂಟರ್ ಒತ್ತಿದರೆ ಸಾಕು.

ಶಿಮ್ನಾ ಹೆಸರು ಬರೆಯುವಷ್ಟರಲ್ಲಿ ಫೋನು ಬಂತು. ಸಜಿನಾ, ರಿಜಿಲನ ಹೆಂಡತಿ.

"ಶಿಮ್ನಾ, ಡ್ರೈವಿಂಗ್ ಸ್ಕೂಲಿಂದು ಬಂದಿದೆ."

"ಏನಂತೆ?"

"ಇನ್ನೇನು? 'ಎಡಾ, ಏನೋ ಒಡೆದಿದೆ, ಬೇಗ ಬಾ.' ಅದರ ಕೆಳಗೆ ಉದ್ದಕ್ಕೆ ಇಂಗ್ಲಿಷು."

"ನೋಡ್ತೀನಿ. ಊಟ ಆಯ್ತಾ?"

"ಶಾಲೆ ಮಕ್ಕಳಿಗೆ ಗಂಜಿ ಬಡಿಸ್ತಾ ಇದ್ದೆ. ಆಮೇಲೆ. ಇಡ್ಲಾ?"

ಫೋನು ಇಟ್ಟ ಮೇಲೂ ಆ ಸಾಲು ಶಿಮ್ನಾಳ ಕಿವಿಯಲ್ಲಿ ರಿಜಿಲನ ದನಿಯಲ್ಲೇ ಉಳಿಯಿತು. ತಾಣ ಎಲ್ಲಿ ಕೆಟ್ಟರೂ ಅವನಿಗೆ ಮೇಲ್ ಹೋಗುತ್ತಿತ್ತು. ತನ್ನನ್ನು ತಾನೇ 'ಎಡಾ', ಅಂದರೆ 'ಲೋ', ಎಂದು ಕರೆದು ಎಬ್ಬಿಸಿಕೊಳ್ಳಲು ಅವನು ಬರೆದುಕೊಂಡಿದ್ದ ಸಾಲು ಅದು. ಅವನು ಹೋದ ಮೇಲೆ ಅವನ ಫೋನು ಸಜಿನಾಳ ಹತ್ತಿರ ಉಳಿಯಿತು. ಮೊದಲ ಸಲ ಅದು ಸದ್ದು ಮಾಡಿದಾಗ ಆಕೆ ನಡುಗುವ ದನಿಯಲ್ಲಿ ಕಚೇರಿಗೆ ಫೋನು ಮಾಡಿದ್ದಳು. ಆಮೇಲೆ ಅದೇ ಪದ್ಧತಿಯಾಯಿತು. ಬೇಪೂರಿನ ಪ್ರಾಥಮಿಕ ಶಾಲೆಯಲ್ಲಿ ಟೀಚರಾಗಿದ್ದ ಸಜಿನಾಗೆ ಪೈಥಾನೆಂದರೆ ಹೆಬ್ಬಾವು ಎನ್ನುವುದಕ್ಕಿಂತ ಹೆಚ್ಚು ಗೊತ್ತಿರಲಿಲ್ಲ. ಆದರೂ ತಾಣ ಕೆಟ್ಟಿದ್ದು ಕಚೇರಿಗೆ ತಿಳಿಯುತ್ತಿದ್ದದ್ದು ಅವಳಿಂದಲೇ.

"ಆ ವಿಳಾಸ ಬದಲಾಯಿಸೋದು ಒಂದು ನಿಮಿಷದ ಕೆಲಸ," ಎಂದಳು ಫಹ್ಮಿದಾ, ಪರದೆಯನ್ನೇ ನೋಡುತ್ತ.

"ಗೊತ್ತು."

"ಮತ್ತೆ?"

"ಅವಳಿಗೆ ಇನ್ನೇನಿದೆ ಹೇಳು. ಆ ಫೋನು ಬಡ್ಕೊಂಡಾಗ ಅವನು ಒಂದು ಗಳಿಗೆ ಮನೇಲಿರ್ತಾನೆ. ಅದನ್ನೂ ನಾನೇ ಕಿತ್ಕೊಳ್ಳಾ?"

ಫಹ್ಮಿದಾ ತನ್ನ ಕುರ್ಚಿಯನ್ನು ಸ್ವಸ್ಥಾನಕ್ಕೆ ಜರುಗಿಸಿಕೊಂಡಳು. "ಇದು ಹೆಂಚಿನ ಅಂಗಡಿ ಅಲ್ಲ ಚೇಚಿ," ಎಂದು ಅಲ್ಲಿಂದಲೇ ಹೇಳಿದಳು. "ಕಾಯಿಲೆಯವರ ಮನೆಗೆ ನರ್ಸು ಹೋಗೋ ಪಟ್ಟಿ."

ಶಿಮ್ನಾ ಒಂದೊಂದೇ ಪ್ರಶ್ನೆಗೆ ಉತ್ತರ ಕೊಡುತ್ತ ಹೋದಳು. ಕೊನೆಯದು ಬಂತು: 'ಏನಾದ್ರೂ ಒಡೆದ್ರೆ ಯಾರನ್ನ ಎಬ್ಬಿಸ್ಲಿ?' ಆವರಣದಲ್ಲಿ ರಿಜಿಲನ ಹೆಸರು, ಅವನ ವಿಳಾಸ. ಬೆರಳು ಸ್ವಲ್ಪ ಹೊತ್ತು ಕೀಲಿಯ ಮೇಲೆ ನಿಂತಿತು. ತಾಣ ಶುರುವಾಗುವ ಮೊದಲು ಬದಲಾಯಿಸಿದರಾಯಿತು ಎಂದುಕೊಂಡು ಎಂಟರ್ ಒತ್ತಿದಳು. 'ಆಯ್ತು, ಹೋಗಿ ಚಾ ಕುಡಿ' ಎಂದಿತು ಪರದೆ. ಅವಳು ನಿಜಕ್ಕೂ ಎದ್ದು ಕೆಳಗೆ ಬೇಕರಿಗೆ ಹೋಗಿ ಸುಲೈಮಾನಿ ಚಾ ಕುಡಿದು ಬಂದಳು.

ಬದಲಾಯಿಸುವುದು ಆಗಲಿಲ್ಲ. ಮರೆತಳೆಂದರೆ ಸುಳ್ಳು. ಪ್ರತಿದಿನ ನೆನಪಾಗುತ್ತಿತ್ತು, ಪ್ರತಿದಿನ ಬೇರೊಂದು ಕೆಲಸ ಅದಕ್ಕಿಂತ ಮುಖ್ಯವಾಗಿಬಿಡುತ್ತಿತ್ತು. ಪ್ಯಾಲಿಯೇಟಿವ್‌ನವರ ತಾಣ ಚೆನ್ನಾಗಿಯೇ ನಡೆಯಿತು. ಬೆಳಿಗ್ಗೆ ಎದ್ದರೆ ಯಾವ ನರ್ಸು ಯಾವ ಮನೆಗೆ ಎಂಬ ಪಟ್ಟಿ ಅವರವರ ಫೋನಿಗೆ ಬರುತ್ತಿತ್ತು. ಗೋಡೆಯ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುವ ಹಳೇ ಪದ್ಧತಿಯನ್ನು ಅವರು ಖುಷಿಯಿಂದ ಬಿಟ್ಟರು. ಹಲಗೆಯನ್ನು ಯಾರೋ ಅಂಗನವಾಡಿಗೆ ಕೊಟ್ಟರು.

ಆಮೇಲೊಂದು ಸೋಮವಾರ ನರ್ಸ್ ರಮ್ಲತ್ ಕಚೇರಿಯ ಮೆಟ್ಟಿಲು ಹತ್ತಿ ಬಂದು, ಕೂರಿ ಎಂದರೂ ಕೂರದೆ ನಿಂತರು.

"ನಿನ್ನೆ ಪಟ್ಟಿ ಬರ್ಲಿಲ್ಲ ಮಗಳೇ. ಭಾನುವಾರದ ಹುಡುಗಿ ಹೊಸಬಳು. ಪಟ್ಟಿ ಇಲ್ಲ ಅಂದ್ರೆ ಯಾವ ಮನೆಗೂ ಹೋಗ್ಬೇಕಾಗಿಲ್ಲ ಅಂದ್ಕೊಂಡು ಸುಮ್ಮನಾಗಿದ್ದಾಳೆ."

"ಯಾರ ಮನೆಗೆ ಹೋಗ್ಬೇಕಿತ್ತು?"

"ಅಚ್ಯುತನ್ ಮಾಷ್ ಮನೆಗೆ. ಸ್ಕೂಲಲ್ಲಿ ಡ್ರಾಯಿಂಗ್ ಕಲಿಸ್ತಿದ್ದ ಮಾಷ್. ಕ್ಯಾನ್ಸರು ಸೊಂಟದ ಮೂಳೆಗೆ ಹಬ್ಬಿದೆ. ನೋವಿನ ಮಾತ್ರೆ ಶನಿವಾರ ರಾತ್ರಿಗೇ ಮುಗಿದಿತ್ತು." ರಮ್ಲತ್ ಒಮ್ಮೆ ಕಿಟಕಿಯ ಕಡೆ ನೋಡಿದರು. "ಇವತ್ತು ಬೆಳಿಗ್ಗೆ ನಾನು ಹೋದೆ. ಟವಲನ್ನ ಕಚ್ಚಿ ಕಚ್ಚಿ ಹರಿದುಹಾಕಿದ್ದಾರೆ. ಮಗಳು ನಮ್ಮ ನಂಬರಿಗೆ ಫೋನು ಮಾಡ್ಲಾ ಅಂದ್ರೆ, ಬೇಡ, ಅವರು ಮರೆಯೋರಲ್ಲ, ಬರ್ತಾರೆ ಅಂದ್ರಂತೆ. ನಿನ್ನೆ ಇಡೀ ದಿನ ಅದನ್ನೇ ಹೇಳಿದ್ರಂತೆ."

ಫಹ್ಮಿದಾ ತನ್ನ ಪರದೆಯ ಕಡೆ ತಿರುಗಿ ತಾಣದ ದೋಷ ಹುಡುಕತೊಡಗಿದಳು. ಅವಳು ಬೈದಿದ್ದರೆ ಶಿಮ್ನಾಗೆ ಹಗುರಾಗುತ್ತಿತ್ತು.

ಸಜಿನಾ ಯಾಕೆ ಫೋನು ಮಾಡಲಿಲ್ಲ ಎಂಬುದು ಮೊದಲು ತಲೆಗೆ ಬಂದ ಪ್ರಶ್ನೆ. ಆ ಪ್ರಶ್ನೆ ಬಂದದ್ದಕ್ಕೇ ಶಿಮ್ನಾಗೆ ನಾಚಿಕೆಯಾಯಿತು. ಸಂಜೆ ಅವಳು ಬೇಪೂರಿನ ಬಸ್ಸು ಹತ್ತಿದಳು. ಭಾನುವಾರ ಮೇಲ್ ಏನೂ ಬಂದಿರಲಿಲ್ಲ ಎಂಬಂತೆ ಮಾತಾಡಬೇಕು, ನಗುತ್ತ ವಿಳಾಸ ಬದಲಾಯಿಸುವ ಸುದ್ದಿ ಎತ್ತಬೇಕು ಎಂದು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಮಾತು ಜೋಡಿಸಿಕೊಂಡಳು.

ಸಜಿನಾ ಬಾಗಿಲಲ್ಲೇ ಕೂತಿದ್ದಳು. ಶಾಲೆಯ ಸೀರೆ ಇನ್ನೂ ಬಿಚ್ಚಿರಲಿಲ್ಲ. ಮಗಳು ನೀಲಾಂಬರಿ ಅಂಗಳದಲ್ಲಿ ಕುಂಟಾಬಿಲ್ಲೆ ಆಡುತ್ತಿದ್ದಳು.

"ಬಾ. ನೀನು ಬರ್ತೀಯ ಅಂತ ಗೊತ್ತಿತ್ತು," ಎಂದಳು ಸಜಿನಾ. "ಯಾರಿಗೇನಾಯ್ತು?"

"ಯಾರಿಗೂ ಏನೂ ಆಗಿಲ್ಲ. ಸುಮ್ಮನೆ ಬಂದೆ."

"ಸುಮ್ಮನೆ ಬರೋಳಾ ನೀನು."

ಅವಳು ಎದ್ದು ಅಡುಗೆಮನೆಗೆ ಹೋದಳು. ಶಿಮ್ನಾ ಹಿಂಬಾಲಿಸಿದಳು. ಫ್ರಿಜ್ಜಿನ ಮೇಲೆ ಒಂದು ಸ್ಟೀಲ್ ಲೋಟ, ಲೋಟದೊಳಗೆ ನಿಲ್ಲಿಸಿಟ್ಟ ರಿಜಿಲನ ಫೋನು. ಗಾಜಿನ ಮೂಲೆಯಲ್ಲಿ ಅವನು ಬೀಳಿಸಿದಾಗ ಆದ ಬಿರುಕು ಹಾಗೇ ಇತ್ತು.

"ಲೋಟದಲ್ಲಿಟ್ರೆ ಸದ್ದು ಜೋರಾಗಿ ಬರುತ್ತೆ," ಎಂದಳು ಸಜಿನಾ. "ಸ್ನಾನಕ್ಕೆ ಹೋದ್ರೆ ಬಚ್ಚಲ ಬಾಗಿಲಿಗೆ ತಂದಿಟ್ಕೋತೀನಿ. ಕ್ಲಾಸಿನಲ್ಲಿ ಮೇಜಿನ ಮೇಲೆ. ಹೆಡ್‌ಮಿಸ್ ಎರಡು ಸಲ ಗದರಿದ್ರು, ಆಮೇಲೆ ಪಾಪ ಅಂತ ಬಿಟ್ರು. ಒಂದು ವರ್ಷ ಆಯ್ತು ಶಿಮ್ನಾ, ನಾನು ಗಾಢವಾಗಿ ನಿದ್ದೆ ಮಾಡಿಲ್ಲ. ಕಣ್ಣು ಮುಚ್ಚಿದ್ರೆ ಬಂತೇನೋ ಅನ್ಸುತ್ತೆ. ಬರದೇ ಇದ್ರೂ ಎದ್ದು ನೋಡ್ತೀನಿ."

ಶಿಮ್ನಾ ಲೋಟದಿಂದ ಅವಳ ಕಡೆ ತಿರುಗಿದಳು. "ಯಾಕೆ ಹೇಳ್ಲಿಲ್ಲ ನನಗೆ?"

"ಏನಂತ ಹೇಳ್ಲಿ? ನಾನು ಹೇಳದಿದ್ರೆ ನಿಮಗೆ ಗೊತ್ತಾಗೋದೇ ಇಲ್ಲ ಅಂದ್ಕೊಂಡಿದ್ದೆ. ಅವನ ಕಚೇರಿ, ಅವನ ಕೆಲಸ. ನಾನು ಕೈಬಿಟ್ರೆ ಮುಳುಗುತ್ತೆ ಅಂತ." ಸಜಿನಾ ಲೋಟವನ್ನು ಕೆಳಗಿಳಿಸಿದಳು. "ನೀಲು ಅಳ್ತಾ ಇದ್ಲು, ಅಮ್ಮಾ ಒಂದು ದಿನ ಆ ಫೋನು ಬಿಟ್ಟು ಬಾ ಅಂತ. ನಿನ್ನೆ ಆಫ್ ಮಾಡ್ದೆ. ಇವಳನ್ನ ಕರ್ಕೊಂಡು ಸಮುದ್ರಕ್ಕೆ ಹೋದೆ. ಕಲ್ಲುಮ್ಮಕ್ಕಾಯಿ ಚಿಪ್ಪುಮೀನು ತಿಂದ್ವಿ. ಮನೆಗೆ ಬಂದು ಮಲಗಿದೋಳು ಬೆಳಿಗ್ಗೇನೇ ಎದ್ದದ್ದು. ನನಗೆ ನಾಚಿಕೆಯಾಗೋವಷ್ಟು ಸುಖವಾಗಿ ನಿದ್ದೆ ಬಂತು. ಇವತ್ತು ಶಾಲೆಯಿಂದ ಬಂದ್ಮೇಲೇ ಆನ್ ಮಾಡಿದ್ದು."

ಅವಳು ಫೋನನ್ನು ಹೊರತೆಗೆದು ಶಿಮ್ನಾಳ ಮುಂದೆ ಹಿಡಿದಳು. ತಾಣ ಪಟ್ಟಿ ಮಾಡಲು ಹೋಗಿ ಸೋತು, ಮತ್ತೆ ಪ್ರಯತ್ನಿಸಿ ಮತ್ತೆ ಸೋತಿತ್ತು. ಪರದೆಯ ಮೇಲಿಂದ ಕೆಳಗಿನವರೆಗೂ ಅದೇ ಸಾಲು. ಎಡಾ, ಏನೋ ಒಡೆದಿದೆ, ಬೇಗ ಬಾ. ಎಡಾ, ಏನೋ ಒಡೆದಿದೆ, ಬೇಗ ಬಾ. ಬೆರಳಿನಿಂದ ಸರಿಸಿದರೆ ಇನ್ನೂ ಇದ್ದವು.

"ಎಷ್ಟು ಸಲ ಕರೆದಿದ್ದಾನೆ ನೋಡು," ಎಂದಳು ಸಜಿನಾ. "ಆಸ್ಪತ್ರೇಲೂ ಹೀಗೇ. ಕೊನೇ ರಾತ್ರಿ ನಾನು ಬೆಂಚಿನ ಮೇಲೆ ಒರಗಿದ್ದೆ, ಕರೆದಿದ್ದು ಕೇಳಿಸ್ಲಿಲ್ಲ. ಆ ಕಡೆ ಬೆಡ್ಡಿನ ಹೆಂಗಸು ಆಮೇಲೆ ಹೇಳಿದ್ಲು." ಅವಳ ಕಣ್ಣು ಒಣಗಿಯೇ ಇತ್ತು. "ಯಾರಿಗೇನಾಯ್ತು ಹೇಳು."

ಬಸ್ಸಿನಲ್ಲಿ ಜೋಡಿಸಿಕೊಂಡಿದ್ದ ಒಂದು ಮಾತೂ ಶಿಮ್ನಾಳ ಉಪಯೋಗಕ್ಕೆ ಬರಲಿಲ್ಲ. ಮಾಷರ ವಿಷಯ ಹೇಳಿದಳು, ಟವಲಿನದನ್ನೂ ಹೇಳಿದಳು. ಬೆಳಿಗ್ಗೆ ಮಾತ್ರೆ ಕೊಟ್ಟಾಯಿತು, ಈಗ ಮಲಗಿದ್ದಾರೆ ಎಂದಳು.

"ಇದು ನಿನ್ನಿಂದ ಆಗಿದ್ದಲ್ಲ. ಬೇರೆ ಟೆಂಪ್ಲೇಟ್ ಇತ್ತು, ಫಹ್ಮಿದಾ ಬಡ್ಕೊಂಡ್ಲು. ನಾನೇ ಇದು ಬೇಕು ಅಂದೆ. ವಿಳಾಸ ಕೇಳ್ದಾಗ ಅವನ ಹೆಸರನ್ನ ಅಳಿಸೋಕಾಗ್ಲಿಲ್ಲ. ನಿನಗೋಸ್ಕರ ಅಂದ್ಕೊಂಡಿದ್ದೆ."

ಸಜಿನಾ ಫೋನನ್ನು ಮತ್ತೆ ಲೋಟದಲ್ಲಿ ನಿಲ್ಲಿಸಿದಳು. "ನನಗೋಸ್ಕರಾನಾ?" ಎಂದಳು.

ಅಂಗಳದಲ್ಲಿ ನೀಲಾಂಬರಿ ಬಿಲ್ಲೆ ಎಸೆದ ಸದ್ದು ಕೇಳಿಸಿತು.

ಹೊರಡುವಾಗ ಸಜಿನಾ ಫೋನನ್ನು ಲೋಟದ ಸಮೇತ ಅವಳ ಚೀಲಕ್ಕೆ ಹಾಕಿದಳು. "ಇದು ನಿನ್ನ ಹತ್ರ ಇರ್ಲಿ. ಲೋಟದಲ್ಲೇ ಇಡು, ಇಲ್ಲಾಂದ್ರೆ ಕೇಳಿಸಲ್ಲ."

ಮರುದಿನದಿಂದ ಫಹ್ಮಿದಾ ಪಟ್ಟಿಯ ತಾಣವನ್ನು ಹೊಸ ಟೆಂಪ್ಲೇಟಿನ ಮೇಲೆ ಮತ್ತೆ ಕಟ್ಟತೊಡಗಿದಳು. ಅದು ಮುಗಿಯುವವರೆಗೆ ಇರಲೆಂದು ರಮ್ಲತ್ ಅಂಗನವಾಡಿಯಿಂದ ಹಲಗೆಯನ್ನು ವಾಪಸು ತರಿಸಿಕೊಂಡರು. ಶಿಮ್ನಾ ಹಳೆಯ ತಾಣಗಳನ್ನು ಒಂದೊಂದಾಗಿ ತೆರೆದು ರಿಜಿಲನ ಹೆಸರು ಅಳಿಸಿ ತನ್ನದನ್ನು ಬರೆದಳು. ಡ್ರೈವಿಂಗ್ ಸ್ಕೂಲು, ಹೆಂಚಿನ ಅಂಗಡಿ, ದೋಣಿ ರಿಪೇರಿ. ರಿಜಿಲನ ಫೋನಿದ್ದ ಲೋಟ ಅವಳ ಮೇಜಿನ ಮೇಲಿತ್ತು.

ಹೊಸದರ ಪ್ರಶ್ನೆಗಳು ಸಪ್ಪೆ ಇಂಗ್ಲಿಷಿನವು. ಏನಾದರೂ ಕೆಟ್ಟರೆ ಯಾರಿಗೆ ತಿಳಿಸಬೇಕು ಎನ್ನುವಲ್ಲಿ ಆವರಣ ಖಾಲಿಯಿತ್ತು. ಎಂಟರ್ ಒತ್ತಿದರೆ ಮುಂದೆ ಹೋಗಲು ಬಿಡದೆ ಮತ್ತೆ ಅದನ್ನೇ ಕೇಳಿತು. ಫಹ್ಮಿದಾ ಶಿಮ್ನಾಳ ಹೆಸರು, ತನ್ನ ಹೆಸರು, ರಮ್ಲತ್ ಹೆಸರು ಬರೆದಳು.

ತಾಣ ಸಿದ್ಧವಾದ ಮಧ್ಯಾಹ್ನ ಅವಳು ಕುರ್ಚಿ ತಿರುಗಿಸಿ, "ಬೇಕಂತಲೇ ಒಂದ್ಸಲ ಒಡೆದು ನೋಡ್ಲಾ ಚೇಚಿ?" ಎಂದು ಕೇಳಿದಳು.

"ಒಡಿ."

ಶಿಮ್ನಾಳ ಫೋನು ಸದ್ದು ಮಾಡಿತು. ಹಿಂದೆಯೇ ಫಹ್ಮಿದಾಳದು. ಇಬ್ಬರೂ ತಮ್ಮ ಫೋನು ನೋಡಲಿಲ್ಲ, ಮೇಜಿನ ಮೇಲಿದ್ದ ಲೋಟದ ಕಡೆ ನೋಡಿದರು. ಕೆಳಗೆ ಬೇಕರಿಯಲ್ಲಿ ಯಾರೋ ಬ್ರೆಡ್ಡಿನ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದರು. ಆ ಸದ್ದು ನಿಂತ ಮೇಲೂ ಅವರು ಕಾದರು.

ಆಮೇಲೆ ಶಿಮ್ನಾ ರಿಜಿಲನ ಫೋನನ್ನು ಲೋಟದಿಂದ ತೆಗೆದು ನೋಡಿದಳು. ಚಾರ್ಜು ತೀರಾ ಕಡಿಮೆಯಾಗಿತ್ತು. ಅವನ ಖಾಲಿ ಕುರ್ಚಿಯ ಹಿಂದಿನ ಪ್ಲಗ್ಗಿಗೆ ವೈರು ಚುಚ್ಚಿ, ಅದನ್ನು ಮತ್ತೆ ಲೋಟದಲ್ಲಿ ನಿಲ್ಲಿಸಿದಳು.